ಎದುರಾಳಿ ಇಲ್ಲದ ಅರ್ಜಿ

ಕೋರ್ಟು ಅಂದರೆ ನಮ್ಮ ಬೆಳಗಾವಿ ಕಡೆ ಖಟ್ಲೆ. ಖಟ್ಲೆ ಅಂದಮೇಲೆ ಇಬ್ಬರು ಬೇಕು. ಅಣ್ಣ-ತಮ್ಮ, ಬದುವಿನ ಈಚೆಯವ-ಆಚೆಯವ, ಬಾಡಿಗೆಯವ-ಮಾಲೀಕ. ಒಬ್ಬ ಗೆಲ್ಲಬೇಕು, ಇನ್ನೊಬ್ಬ ಹೈಕೋರ್ಟಿಗೆ ಹೋಗಬೇಕು. ಇಷ್ಟೇ ಅಂತ ನಾನೂ ಬಹಳ ದಿನ ತಿಳಿದಿದ್ದೆ. ಆದರೆ ಯಾರ ಮೇಲೂ ದೂರಿಲ್ಲದೆ, ಎದುರಿಗೆ ಯಾರೂ ಇಲ್ಲದೆ, ಒಬ್ಬನೇ ಹೋಗಿ ನ್ಯಾಯಾಧೀಶರನ್ನು ಕೇಳಬಹುದಾದ ಅರ್ಜಿಯೊಂದು ನಮ್ಮ ಕಾನೂನಿನಲ್ಲಿ ನೂರೈವತ್ತು ವರ್ಷಕ್ಕೂ ಹಿಂದಿನಿಂದ ಇದೆ. ಅದರ ಸಾರ ಇಷ್ಟು: "ಸ್ವಾಮಿ, ಈ ಆಸ್ತಿ ನನ್ನದಲ್ಲ. ನೋಡಿಕೊಳ್ಳೋ ಜವಾಬ್ದಾರಿ ಮಾತ್ರ ನನ್ನದು. ಈಗ ಹಿಂಗಾಗೇದ. ಏನು ಮಾಡಲಿ?"

1882ರ ಭಾರತೀಯ ಟ್ರಸ್ಟ್ ಕಾಯಿದೆಯ 34ನೇ ಕಲಮು ಇದು. ದಾವೆ ಹೂಡದೆಯೇ, ಟ್ರಸ್ಟಿನ ಆಸ್ತಿಯ ಆಡಳಿತದ ಬಗ್ಗೆ ಜಿಲ್ಲೆಯ ಮುಖ್ಯ ಸಿವಿಲ್ ಕೋರ್ಟಿನ ಅಭಿಪ್ರಾಯ, ಸಲಹೆ ಅಥವಾ ನಿರ್ದೇಶನವನ್ನು ಟ್ರಸ್ಟಿ ಕೇಳಬಹುದು. ಸಲಹೆ ಅನ್ನೋ ಪದ ಗಮನಿಸಿ. ಸಾಮಾನ್ಯವಾಗಿ ಕೋರ್ಟು ಸಲಹೆ ಕೊಡೋದಿಲ್ಲ, ತೀರ್ಪು ಕೊಡುತ್ತೆ. ಸಲಹೆ ಬೇಕಿದ್ದರೆ ವಕೀಲರ ಹತ್ತಿರ ಹೋಗಿ ಅನ್ನುತ್ತೆ. ಇಲ್ಲಿ ಮಾತ್ರ ನ್ಯಾಯಾಧೀಶರೇ ಊರ ಹಿರಿಯರ ಹಾಗೆ ಕೂತು ಹೇಳಬೇಕು.

ಈ ಕಲಮು ನಮ್ಮಲ್ಲಿ ಹುಟ್ಟಿದ್ದಲ್ಲ. 1859ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಅದಕ್ಕೆ ಜನ ಇಟ್ಟ ಹೆಸರು ಲಾರ್ಡ್ ಸೇಂಟ್ ಲಿಯೊನಾರ್ಡ್ಸ್ ಆ್ಯಕ್ಟ್. ಅಲ್ಲಿಯವರೆಗೆ ಟ್ರಸ್ಟಿಗೆ ಅನುಮಾನ ಬಂದರೆ ಚಾನ್ಸರಿ ಕೋರ್ಟಿನಲ್ಲಿ ಪೂರ್ತಿ ದಾವೆಯೇ ನಡೆಯಬೇಕಿತ್ತು. ಚಾನ್ಸರಿ ಅಂದರೆ ಮೊಮ್ಮಕ್ಕಳ ಕಾಲಕ್ಕೂ ಮುಗಿಯದ ಕೇಸುಗಳಿಗೆ ಹೆಸರಾದ ಜಾಗ. ಅದಕ್ಕೇ ಒಂದು ಸಣ್ಣ ಬಾಗಿಲು ತೆಗೆದರು. ಆ ಬಾಗಿಲು 1866ರಲ್ಲಿ ಇಲ್ಲಿಗೂ ಬಂತು, 1882ರಲ್ಲಿ ಟ್ರಸ್ಟ್ ಕಾಯಿದೆಯೊಳಗೆ ಸೇರಿತು.

ಈ ಸೇಂಟ್ ಲಿಯೊನಾರ್ಡ್ಸ್ ಕಥೆ ಹೇಳದೆ ಮುಂದೆ ಹೋಗೋಕೆ ಮನಸ್ಸಿಲ್ಲ. ಮೂಲ ಹೆಸರು ಎಡ್ವರ್ಡ್ ಸಗ್ಡೆನ್, ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆಗಿದ್ದವರು, ಆಸ್ತಿ ಕಾನೂನಿನಲ್ಲಿ ಆ ಕಾಲಕ್ಕೆ ಅವರನ್ನು ಮೀರಿಸುವವರು ಇರಲಿಲ್ಲ. 1875ರಲ್ಲಿ ತೀರಿಕೊಂಡರು. ಪೆಟ್ಟಿಗೆ ತೆಗೆದು ನೋಡಿದರೆ ಉಯಿಲೇ ಇಲ್ಲ! ಜೀವನಪೂರ್ತಿ ಬೇರೆಯವರ ಉಯಿಲು ತಿದ್ದಿದ ಮನುಷ್ಯನ ಸ್ವಂತ ಉಯಿಲು ಕಾಣೆ. ಕೊನೆಗೆ ಅದನ್ನು ಹಲವು ಸಲ ಓದಿದ್ದ ಮಗಳು ನೆನಪಿನಿಂದ ಒಂದೊಂದೇ ಅಂಶ ಹೇಳಿದಳು. 1876ರಲ್ಲಿ ಅಪೀಲು ಕೋರ್ಟು ಆಕೆಯ ನೆನಪನ್ನೇ ನಂಬಿ ಉಯಿಲನ್ನು ಎತ್ತಿಹಿಡಿಯಿತು. ಕಾಗದ ಕಳೆದಮೇಲೆ ನೆನಪು ಎಷ್ಟು ದೂರ ಬರುತ್ತೆ ಅನ್ನೋ ಪ್ರಶ್ನೆ ಮುಂದೆ ನಮ್ಮೂರಿನ ವಿಷಯದಲ್ಲೂ ಬರುತ್ತೆ, ಅದಕ್ಕೇ ಹೇಳಿದೆ.

34ನೇ ಕಲಮಿಗೆ ಮರಳೋಣ. ಅದರಲ್ಲಿ ಎರಡು ಷರತ್ತುಗಳಿವೆ. ಮೊದಲನೆಯದು ಓದಿದಾಗ ನಗು ಬಂತು. ವಿವರಕ್ಕೆ ಇಳಿಯಬೇಕಾದ, ಕಷ್ಟದ, ಮಹತ್ವದ ಪ್ರಶ್ನೆಗಳು, ಅಂದರೆ ಚುಟುಕಾಗಿ ವಿಲೇವಾರಿ ಮಾಡೋಕೆ ತಕ್ಕುದಲ್ಲ ಅಂತ ಕೋರ್ಟಿಗೆ ಅನ್ನಿಸಿದವು, ಇಲ್ಲಿ ನಡೆಯೋದಿಲ್ಲ. ಸರಿ, ಕಷ್ಟದ್ದೂ ಅಲ್ಲದ, ಮಹತ್ವದ್ದೂ ಅಲ್ಲದ ಪ್ರಶ್ನೆಯನ್ನು ಯಾವ ಟ್ರಸ್ಟಿ ಕೋರ್ಟಿನ ತನಕ ಒಯ್ಯುತ್ತಾನೆ? ನಮ್ಮ ಆಫೀಸಿನಲ್ಲಿ ಸಪೋರ್ಟ್ ಟಿಕೆಟ್ ಹಾಕಿದರೆ 'ಔಟ್ ಆಫ್ ಸ್ಕೋಪ್' ಅಂತ ಬರೆದು ಮುಚ್ಚಿಬಿಡ್ತಾರಲ್ಲ, ಹಾಗೆ.

ಎರಡನೆಯ ಷರತ್ತು ನಗುವಂಥದ್ದಲ್ಲ. ಟ್ರಸ್ಟಿ ಪ್ರಾಮಾಣಿಕವಾಗಿ ಸಂಗತಿಗಳನ್ನು ಅರ್ಜಿಯಲ್ಲಿ ಹೇಳಿ, ಕೋರ್ಟು ಹೇಳಿದಂತೆ ನಡೆದುಕೊಂಡರೆ, ಆ ವಿಷಯದ ಮಟ್ಟಿಗೆ ಅವನು ತನ್ನ ಕರ್ತವ್ಯ ಮಾಡಿದ ಹಾಗೆಯೇ ಲೆಕ್ಕ. ನಾಳೆ ಯಾರೂ ಬಂದು 'ನೀನು ಹಾಳು ಮಾಡಿದೆ, ಕೈಯಿಂದ ತುಂಬಿಕೊಡು' ಅನ್ನೋ ಹಾಗಿಲ್ಲ. ಇದು ಸಣ್ಣ ರಕ್ಷಣೆಯಲ್ಲ. ಟ್ರಸ್ಟಿ ತಪ್ಪು ಮಾಡಿದರೆ ಸ್ವಂತ ಆಸ್ತಿಯಿಂದ ತುಂಬಿಕೊಡಬೇಕಾದೀತು. ಆದರೆ ಆ ರಕ್ಷಣೆಗೆ ತೆರಬೇಕಾದ ಬೆಲೆ 'ಪ್ರಾಮಾಣಿಕವಾಗಿ ಸಂಗತಿಗಳನ್ನು ಹೇಳಿ' ಅನ್ನೋ ಮಾತಿನಲ್ಲಿದೆ. ಪ್ರಶ್ನೆ ಕೇಳಬೇಕಿದ್ದರೆ ವಹಿ ಬಿಚ್ಚಬೇಕು. ಈ ಬಾಗಿಲನ್ನು ಜನ ಅಷ್ಟಾಗಿ ತಟ್ಟದಿರೋದಕ್ಕೆ ವಕೀಲರ ಫೀಸಿಗಿಂತ ಇದೇ ದೊಡ್ಡ ಕಾರಣ ಅಂತ ನನ್ನ ಅಂದಾಜು.

1882ರ ಕಾಯಿದೆ ಖಾಸಗಿ ಟ್ರಸ್ಟುಗಳಿಗೆ ಮಾತ್ರ. ಗುಡಿ, ಮಠ, ಛತ್ರ, ಅನ್ನದಾನ, ವಿದ್ಯಾದಾನ ಇವು ಸಾರ್ವಜನಿಕ ಧರ್ಮ. ಮೊದಲನೆಯ ಕಲಮಿನಲ್ಲೇ ಅವನ್ನು ಹೊರಗಿಟ್ಟಿದ್ದಾರೆ. ಅಂಥ ಟ್ರಸ್ಟಿಗಳು ಕೋರ್ಟನ್ನು ಕೇಳುವ ದಾರಿ ಆಗಿದ್ದು 1920ರಲ್ಲಿ, ಧರ್ಮಾರ್ಥ ಮತ್ತು ಧಾರ್ಮಿಕ ಟ್ರಸ್ಟುಗಳ ಕಾಯಿದೆಯ 7ನೇ ಕಲಮಿನಿಂದ. ಅದೇ ಮೂರು ಪದ: ಅಭಿಪ್ರಾಯ, ಸಲಹೆ, ನಿರ್ದೇಶನ.

ಇಲ್ಲಿಂದ ಬೆಳಗಾವಿಯ ಕಥೆ ಬೇರೆಯಾಗುತ್ತೆ.

ನಾನು ಬಿಇ ಓದುವಾಗ ಅನಗೋಳದಲ್ಲಿ ರೂಮು ಮಾಡಿಕೊಂಡಿದ್ದೆ. ಉದ್ಯಮಬಾಗಕ್ಕೆ ಹತ್ತಿರ, ಬಾಡಿಗೆ ಕಡಿಮೆ. ಅನಗೋಳ ಒಂದು ಕಾಲಕ್ಕೆ ಹಳ್ಳಿ. ಈಗ ನಗರ ಅದನ್ನು ಪೂರ್ತಿ ನುಂಗಿದೆ. ಆದರೆ ಗಲ್ಲಿಗಳೊಳಗೆ ಹೋದರೆ ಹಳ್ಳಿಯ ಲೆಕ್ಕವೇ ನಡೀತಿರುತ್ತೆ. ಗುಡಿಗೆ 'ಪಂಚ ಕಮಿಟಿ'. ಬೋರ್ಡು ಅರ್ಧ ಕನ್ನಡ, ಅರ್ಧ ಮರಾಠಿ. ಕರಾವಳಿಯವರು 'ಮೊಕ್ತೇಸರ' ಅನ್ನೋರನ್ನು ಮೈಸೂರು ಕಡೆಯವರು 'ಧರ್ಮದರ್ಶಿ' ಅಂದರೆ, ಇಲ್ಲಿ 'ವಿಶ್ವಸ್ತ', 'ಪಂಚ', ಹಳೇ ಕಾಗದದಲ್ಲಿ 'ವಹಿವಾಟದಾರ'. ಎಲ್ಲ ಒಂದೇ ಕೆಲಸ, ಬೇರೆಯವರ ಗಂಟು ಕಾಯೋದು. ಆಗ ಆ ಬೋರ್ಡುಗಳನ್ನು ಓದುತ್ತಿದ್ದೆನೇ ಹೊರತು ಪ್ರತಿ ಬೋರ್ಡಿನ ಹಿಂದೆ ಯಾವ ರಾಜ್ಯದ ಕಾನೂನಿದೆ ಅಂತ ಯೋಚಿಸಿರಲಿಲ್ಲ.

ಹಿಂದೆ ಇದ್ದದ್ದು ಮುಂಬಯಿ. 1950ರ ಮುಂಬಯಿ ಸಾರ್ವಜನಿಕ ಟ್ರಸ್ಟುಗಳ ಕಾಯಿದೆ ಬಂದಾಗ ಬೆಳಗಾವಿ ಮುಂಬಯಿ ರಾಜ್ಯದ ಜಿಲ್ಲೆ. ಪ್ರತಿ ಸಾರ್ವಜನಿಕ ಟ್ರಸ್ಟು ನೋಂದಣಿಯಾಗಬೇಕು, ಲೆಕ್ಕ ಇಡಬೇಕು, ಆಡಿಟ್ ಆಗಬೇಕು, ಸ್ಥಿರಾಸ್ತಿ ಮಾರಬೇಕಿದ್ದರೆ ಚಾರಿಟಿ ಕಮಿಷನರರ ಒಪ್ಪಿಗೆ ಬೇಕು. ಉಳಿದ ಭಾರತದಲ್ಲಿ ಸಾರ್ವಜನಿಕ ಟ್ರಸ್ಟಿನ ದಾವೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮು ಇದ್ದರೆ, ಇಲ್ಲಿ ಅದನ್ನು ಬದಿಗಿಟ್ಟು ಕಮಿಷನರರ ಮೂಲಕವೇ ಹೋಗಬೇಕಿತ್ತು. ಟ್ರಸ್ಟಿ ಕೋರ್ಟಿನ ಸಲಹೆ ಕೇಳೋ ಅವಕಾಶ ಮಾತ್ರ ಈ ಕಾಯಿದೆಯಲ್ಲೂ ಉಳಿಯಿತು, 56-ಎ ಕಲಮಿನಲ್ಲಿ.

1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂತು. ನಕ್ಷೆ ಬದಲಾಯಿತು, ಕಾನೂನು ಬದಲಾಗಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರದ ಕಡೆಗೆ ಮುಂಬಯಿ ಕಾಯಿದೆ, ಮಂಗಳೂರು ಕಡೆಗೆ ಮದ್ರಾಸಿನದು, ಕಲಬುರಗಿ ಕಡೆಗೆ ಹೈದರಾಬಾದಿನದು, ಕೊಡಗಿಗೆ ಅದರದೇ, ಹಳೇ ಮೈಸೂರಿಗೆ ಮುಜರಾಯಿ. ಐದು ಕೋಡ್‌ಬೇಸ್ ಮರ್ಜ್ ಮಾಡಿದ್ದೀವಿ ಅಂತ ರಿಲೀಸ್ ನೋಟ್ ಬರೆದು, ಒಳಗೆ ಐದೂ ಹಾಗೇ ಓಡಿಸಿದ ಹಾಗೆ. ಹಿಂದೂ ಧಾರ್ಮಿಕ ಸಂಸ್ಥೆಗಳ ಮಟ್ಟಿಗೆ ಇಡೀ ಕರ್ನಾಟಕಕ್ಕೆ ಒಂದೇ ಕಾಯಿದೆ ಜಾರಿಗೆ ಬಂದದ್ದು 2003ರ ಮೇ 1ರಂದು. ನಲವತ್ತಾರು ವರ್ಷ ಬೇಕಾಯಿತು!

ನನಗೆ ಇದೆಲ್ಲ ಓದುವ ಪ್ರಸಂಗ ಯಾಕೆ ಬಂತು ಅಂದರೆ ಒಂದು ಅರವಟಿಗೆಯಿಂದ.

ನಮ್ಮದು ಖಾನಾಪುರ ತಾಲೂಕಿನ ಮೂಡಣ ಭಾಗದ ಹಳ್ಳಿ. ನಮ್ಮಜ್ಜನ ಕಾಲದಲ್ಲಿ ಮಕ್ಕಳಿಲ್ಲದ ಒಬ್ಬ ರೈತ ಎರಡು ಎಕರೆ ಹೊಲವನ್ನು ಊರಿಗೆ ಬರೆದುಕೊಟ್ಟ. ಅದರ ಉತ್ಪನ್ನದಿಂದ ದಾರಿಯ ಮೇಲೆ ಬೇಸಿಗೆಯಲ್ಲಿ ನೀರಿನ ಅರವಟಿಗೆ ನಡೀಬೇಕು, ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗೋರಿಗೆ ಬಾಯಾರಿಕೆ ಆಗಬಾರದು ಅಂತ. ಮೂವರು ಪಂಚರು. ಅದರಲ್ಲಿ ಒಂದು ಸ್ಥಾನ ನಮ್ಮ ಮನೆತನಕ್ಕೆ, ಈಗ ಕಾಕಾನದು. ಬಹಳ ವರ್ಷ ನಡೆಯಿತು. ಆಮೇಲೆ ಚಕ್ಕಡಿ ಹೋಗಿ ಟ್ರ್ಯಾಕ್ಸ್ ಬಂತು, ಜನ ಬಾಟಲಿ ನೀರು ಹಿಡಿದು ಬರತೊಡಗಿದರು. ಕೊನೆಗೆ ಆ ರಸ್ತೆಯನ್ನೇ ಅಗಲ ಮಾಡುವಾಗ ಹೊಲವೂ ಹೋಯಿತು. ದಾರಿಹೋಕರಿಗಾಗಿ ಇಟ್ಟ ಹೊಲವನ್ನು ದಾರಿಯೇ ತಿಂದಿತು. ಪರಿಹಾರದ ಹಣ ಬ್ಯಾಂಕಿನಲ್ಲಿ ಮುದ್ದತಿ ಠೇವಣಿಯಾಗಿ ಕೂತಿದೆ.

ಈಗ ಏನು ಮಾಡೋದು? ಪಂಚರಲ್ಲಿ ಒಬ್ಬರು ನಿವೃತ್ತ ಮಾಸ್ತರರು. ಬೆಳಗಾವಿಗೆ ಪಿಯುಸಿ ಓದಲು ಹೋಗೋ ಹುಡುಗಿಯರ ಹಾಸ್ಟೆಲ್ ಫೀಸಿಗೆ ಕೊಡೋಣ ಅಂತಾರೆ. ಇನ್ನೊಬ್ಬರು ಸಮುದಾಯ ಭವನ ಅಂತಾರೆ. ಕಾಕಾ ಮಾತ್ರ, "ಅಂವ ನೀರಿಗಂತ ಕೊಟ್ಟಾನಪಾ. ಬಸ್ ಸ್ಟ್ಯಾಂಡಿನ್ಯಾಗ ಒಂದ ಫಿಲ್ಟರ್ ಕೂಡ್ರಸೂಣು, ನೀರs ಕೊಡೂಣು" ಅಂತಾನೆ. ಮೂವರೂ ಸೇರಿ ವಾಟ್ಸಾಪಿನಲ್ಲಿ ನನಗೆ ಹಾಕಿದರು, 'ತಮ್ಮಾ ನೀ ಕಂಪ್ಯೂಟರ್‌ನ್ಯಾಗ ನೋಡಿ ಹೇಳು' ಅಂತ. ಕಂಪ್ಯೂಟರ್ ಓದಿದವನಿಗೆ ಎಲ್ಲ ಗೊತ್ತಿರುತ್ತೆ ಅನ್ನೋ ನಂಬಿಕೆ ಹಳ್ಳಿಯಲ್ಲಿ ಇನ್ನೂ ಗಟ್ಟಿ ಇದೆ, ಪ್ರಿಂಟರ್ ರಿಪೇರಿಯಿಂದ ಹಿಡಿದು.

ಕಾಕಾ ಹೇಳಿದ್ದಕ್ಕೆ ಕಾನೂನಿನಲ್ಲಿ ಒಂದು ಹಳೇ ಫ್ರೆಂಚ್ ಹೆಸರಿದೆ: ಸೈ-ಪ್ರೆ. 'ಸಾಧ್ಯವಾದಷ್ಟು ಹತ್ತಿರ' ಅಂತ ಅರ್ಥ. ಕೊಟ್ಟವನ ಉದ್ದೇಶ ನಡೆಸೋಕೆ ಆಗದೇ ಹೋದಾಗ ಹಣವನ್ನು ಅವನ ವಾರಸುದಾರರಿಗೆ ಮರಳಿಸೋದೂ ಅಲ್ಲ, ಪಂಚರ ಮನಸ್ಸಿಗೆ ಬಂದಲ್ಲಿ ಸುರಿಯೋದೂ ಅಲ್ಲ. ಆ ಉದ್ದೇಶಕ್ಕೆ ಅತಿ ಹತ್ತಿರದ್ದನ್ನು ಹುಡುಕಬೇಕು. ಕಾಕಾ ಏಳನೇ ಇಯತ್ತೆ ಓದಿದವ.

ಕೆಲವು ದಾನಗಳಿಗೆ ಈ ಸಂಕಟ ಬರೋದೇ ಇಲ್ಲ. ಸವದತ್ತಿ ಸೀಮೆಯ ಶಿರಸಂಗಿಯ ದೇಸಾಯಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ನವಲಗುಂದ-ಶಿರಸಂಗಿ ಟ್ರಸ್ಟು ಇವತ್ತಿಗೂ ಆ ಹೆಸರಿನಲ್ಲಿದೆ; ಬೆಳಗಾವಿಯಲ್ಲಿ 1933ರಲ್ಲಿ ಶುರುವಾದ ಲಿಂಗರಾಜ ಕಾಲೇಜು ಅವರ ಹೆಸರಿನದೇ. ಓದುವ ಮಕ್ಕಳು ಯಾವ ಕಾಲಕ್ಕೂ ಇರುತ್ತಾರೆ. ಚಕ್ಕಡಿಯಲ್ಲಿ ಬಾಯಾರಿ ಬರೋರು ಇರೋದಿಲ್ಲ. ನಮ್ಮೂರಿನ ಆ ರೈತ ದೇಸಾಯಿಯಷ್ಟು ದೂರ ನೋಡಲಿಲ್ಲ ಅನ್ನೋ ಹಾಗಿಲ್ಲ. ಅವನ ಕಣ್ಣೆದುರಿಗೆ ಕಂಡದ್ದು ಬಾಯಾರಿಕೆ, ಅದಕ್ಕೆ ಕೊಟ್ಟ.

ಹಾಗಾದರೆ ಮಾಸ್ತರರು ಹೇಳುವಂತೆ ಹುಡುಗಿಯರ ಹಾಸ್ಟೆಲಿಗೆ ಕೊಡಬಹುದು ಅಂತ ಕೋರ್ಟಿನಿಂದ ಒಂದು ಸಲಹೆ ಪಡೆದುಬಿಟ್ಟರೆ? ಇಲ್ಲಿ ಒಬ್ಬ ಕನ್ನಡಿಗರು ಅಡ್ಡ ಬರುತ್ತಾರೆ. ಜಸ್ಟಿಸ್ ಕೆ.ಎಸ್. ಹೆಗ್ಡೆ, ಕಾರ್ಕಳ ಸೀಮೆಯ ಕೌಡೂರಿನವರು. 1968ರ ಡಿಸೆಂಬರಿನಲ್ಲಿ ಪಶ್ಚಿಮ ಬಂಗಾಳದ ಅಫಿಶಿಯಲ್ ಟ್ರಸ್ಟಿ ಮತ್ತು ಸಚೀಂದ್ರನಾಥ ಚಟರ್ಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬರೆದರು. ಕಲ್ಕತ್ತೆಯಲ್ಲಿ ಹಿಂದೆ ಯಾವಾಗಲೋ, ಇದೇ ಸಲಹೆಯ ಬಾಗಿಲಿನಿಂದ ಒಳಗೆ ಹೋಗಿ ಟ್ರಸ್ಟ್ ಪತ್ರದ ಏರ್ಪಾಟನ್ನೇ ಬದಲಿಸುವ ಆದೇಶ ತಂದುಕೊಂಡಿದ್ದರು. ಹೆಗ್ಡೆಯವರು ಹೇಳಿದ್ದು: 34ನೇ ಕಲಮಿನಲ್ಲಿ ಕೋರ್ಟು ಆಡಳಿತದ ಬಗ್ಗೆ ಸಲಹೆ ಕೊಡಬಹುದು, ಟ್ರಸ್ಟಿನ ಷರತ್ತುಗಳನ್ನೇ ತಿದ್ದುವ ಅಧಿಕಾರ ಅಲ್ಲಿಲ್ಲ. ಇಲ್ಲದ ಅಧಿಕಾರದಿಂದ ಮಾಡಿದ ಆದೇಶ ಎಷ್ಟೇ ಹಳೆಯದಾಗಿರಲಿ, ಅದಕ್ಕೆ ಬೆಲೆಯಿಲ್ಲ. ಅಂದರೆ 'ಹೇಗೆ ನಡೆಸಲಿ' ಅಂತ ಕೇಳಬಹುದು, 'ಬೇರೆಯದನ್ನು ನಡೆಸಲಾ' ಅಂತ ಈ ಬಾಗಿಲಲ್ಲಿ ಕೇಳೋ ಹಾಗಿಲ್ಲ. ಅದಕ್ಕೆ ದೊಡ್ಡ ಬಾಗಿಲಿದೆ. ಇದೇ ಹೆಗ್ಡೆಯವರು 1973ರಲ್ಲಿ ತಮ್ಮನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟರು, 1979ರಲ್ಲಿ ಊರ ಕಡೆ ನಿಟ್ಟೆ ಎಜುಕೇಶನ್ ಟ್ರಸ್ಟು ಕಟ್ಟಿದರು. ನನ್ನ ಟೀಮಿನಲ್ಲಿ ಇಬ್ಬರು ನಿಟ್ಟೆಯವರಿದ್ದಾರೆ. ಅವರ ಕಾಲೇಜಿನ ಸಂಸ್ಥಾಪಕರು ಟ್ರಸ್ಟ್ ಕಾನೂನಿಗೆ ಗೆರೆ ಎಳೆದವರು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಉದ್ದೇಶವನ್ನೇ ಬದಲಿಸುವ ಪ್ರಶ್ನೆಗೆ ನಮ್ಮ ಕಡೆಗೆ ಅನ್ವಯಿಸುವ ದೊಡ್ಡ ಉತ್ತರ ಬಂದದ್ದು 1954ರ ಮಾರ್ಚ್ 18ರಂದು. ಗುಜರಾತಿನ ಒಂದು ಜೈನ ಬಸದಿಯ ವಹಿವಾಟದಾರರಾದ ರತಿಲಾಲ್ ಪಾನಾಚಂದ್ ಗಾಂಧಿ, ಜೊತೆಗೆ ಮುಂಬಯಿಯ ಪಾರ್ಸಿ ಪಂಚಾಯತಿಯ ಟ್ರಸ್ಟಿಗಳು, 1950ರ ಮುಂಬಯಿ ಕಾಯಿದೆಯನ್ನೇ ಪ್ರಶ್ನಿಸಿದ್ದರು. ಬೆಳಗಾವಿ ಆಗ ಮುಂಬಯಿ ರಾಜ್ಯದಲ್ಲೇ ಇದ್ದದ್ದರಿಂದ ಅದು ಅನಗೋಳದ ಗುಡಿಯ ಪಂಚರ ಹಣೆಬರಹವೂ ಆಗಿತ್ತು. ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯ ತೀರ್ಪು ಎರಡೂ ಕಡೆ ಸೀಳಿತು. ನೋಂದಣಿ, ಲೆಕ್ಕ, ಆಡಿಟ್ ಇವೆಲ್ಲ ಸರಿ, ಸರ್ಕಾರ ಕೇಳಬಹುದು. ಆದರೆ ಧಾರ್ಮಿಕ ಟ್ರಸ್ಟಿಗೆ ಚಾರಿಟಿ ಕಮಿಷನರನ್ನೇ ಟ್ರಸ್ಟಿಯಾಗಿ ಕೂರಿಸೋದು ನಡೆಯದು. ಮತ್ತೆ, ಮೂಲ ಉದ್ದೇಶ ಇನ್ನೂ ನಡೆಸೋಕೆ ಸಾಧ್ಯವಿರುವಾಗಲೇ 'ಇದಕ್ಕಿಂತ ಅದು ಲೋಕಕ್ಕೆ ಒಳ್ಳೇದು' ಅಂತ ಧಾರ್ಮಿಕ ಟ್ರಸ್ಟಿನ ಹಣವನ್ನು ಬೇರೆಡೆ ತಿರುಗಿಸೋದೂ ನಡೆಯದು.

ಅದೇ ವರ್ಷ ಉಡುಪಿಯ ಶಿರೂರು ಮಠದ ತೀರ್ಪೂ ಬಂತು. ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. ಪರ್ಯಾಯದ ಖರ್ಚಿನಿಂದ ಮಠಕ್ಕೆ ಸಾಲವಾಗಿತ್ತು, ಆಡಳಿತಕ್ಕೆ ಸ್ಕೀಮು ಮಾಡಲು ಧಾರ್ಮಿಕ ದತ್ತಿ ಮಂಡಳಿ ಮುಂದಾಗಿತ್ತು, ಲಕ್ಷ್ಮೀಂದ್ರ ತೀರ್ಥರು ಕೋರ್ಟಿಗೆ ಹೋಗಿದ್ದರು. ತೀರ್ಪು ಬರೆದವರು ಅದೇ ಮುಖರ್ಜಿ. ಮುಂಬಯಿ ಕಾಯಿದೆಯಡಿ ಟ್ರಸ್ಟುಗಳಿಂದ ವಸೂಲಿ ಮಾಡುತ್ತಿದ್ದ ವಂತಿಗೆ 'ಶುಲ್ಕ', ಹಾಗಾಗಿ ಸರಿ. ಮದ್ರಾಸ್ ಕಾಯಿದೆಯಡಿಯ ವಂತಿಗೆ 'ತೆರಿಗೆ', ಹಾಗಾಗಿ ತಪ್ಪು ಅಂತಾಯಿತು. ಎರಡೂವರೆ ವರ್ಷದಲ್ಲಿ ಬೆಳಗಾವಿ, ಉಡುಪಿ ಎರಡೂ ಒಂದೇ ರಾಜ್ಯಕ್ಕೆ ಬಂದವು. ಒಂದೇ ರಾಜ್ಯದ ಎರಡು ಮೂಲೆಯಲ್ಲಿ ಎರಡು ನ್ಯಾಯ.

ಕೋರ್ಟಿಗೆ ಪ್ರಶ್ನೆ ಒಯ್ದ ಟ್ರಸ್ಟಿಗಳ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಮೂಲ್ಕಿಯದು. ಅದು ಶುದ್ಧ ಸಲಹೆಯ ಅರ್ಜಿಯಲ್ಲ, ಎದುರಿಗೆ ಸರ್ಕಾರವಿದ್ದ ದಾವೆ. ಆದರೂ ಒಳಗಿನ ಪ್ರಶ್ನೆ ಅದೇ: ನಮ್ಮ ಕೈಯಲ್ಲಿರೋದು ಯಾರದ್ದು, ಯಾರಿಗೆ ಬಾಗಿಲು ತೆಗೀಬೇಕು?

ಮೂಲ್ಕಿಯ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರು ಕಟ್ಟಿದ್ದು, ಅವರೇ ಟ್ರಸ್ಟಿಗಳು. ಆಡಳಿತದ ಜಗಳ ಮೊದಲೇ ಕೋರ್ಟು ಕಂಡಿತ್ತು. 1915ರಲ್ಲಿ 92ನೇ ಕಲಮಿನಡಿ ದಾವೆಯಾಗಿ, 1921ರಲ್ಲಿ ಕೋರ್ಟೇ ಒಂದು ಸ್ಕೀಮು ಹಾಕಿಕೊಟ್ಟಿತ್ತು. ಸ್ಕೀಮು ಅಂದರೆ ಟ್ರಸ್ಟಿಗಳು ಹೇಗೆ ಆಯ್ಕೆಯಾಗಬೇಕು, ಲೆಕ್ಕ ಹೇಗೆ ಇಡಬೇಕು ಅನ್ನೋ ಕಟ್ಟಳೆಪಟ್ಟಿ. 1947ರಲ್ಲಿ ಮದ್ರಾಸ್ ಸರ್ಕಾರ ದೇವಾಲಯ ಪ್ರವೇಶದ ಕಾಯಿದೆ ತಂದಿತು: ಸಾರ್ವಜನಿಕ ಗುಡಿಗಳಿಗೆ ಯಾವ ಹಿಂದೂವನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ. ನಮ್ಮದು ಖಾಸಗಿ ಗುಡಿ, ನಮ್ಮ ಸಮುದಾಯದ್ದು, ಈ ಕಾಯಿದೆ ನಮಗೆ ತಾಗೋದಿಲ್ಲ ಅಂತ ಟ್ರಸ್ಟಿಗಳು ವಾದ ಹೂಡಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಸಂವಿಧಾನ ಬಂತು. ಧಾರ್ಮಿಕ ಪಂಗಡಗಳಿಗೆ ತಮ್ಮ ಧರ್ಮದ ವಿಷಯವನ್ನು ತಾವೇ ನಡೆಸಿಕೊಳ್ಳುವ ಹಕ್ಕು ಕೊಟ್ಟ 26ನೇ ವಿಧಿಯೂ, ಹಿಂದೂ ಸಾರ್ವಜನಿಕ ಸಂಸ್ಥೆಗಳನ್ನು ಎಲ್ಲ ವರ್ಗದ ಹಿಂದೂಗಳಿಗೆ ತೆರೆಯುವ ಕಾನೂನಿಗೆ ಜಾಗ ಕೊಟ್ಟ 25ನೇ ವಿಧಿಯೂ ಒಟ್ಟಿಗೇ ಬಂದವು. ಎರಡು ರೂಲುಗಳು ಎದುರುಬದುರು.

1957ರ ನವೆಂಬರ್ 8ರಂದು ಸುಪ್ರೀಂ ಕೋರ್ಟು ಉತ್ತರ ಕೊಟ್ಟಿತು. ಅಷ್ಟರಲ್ಲಿ ಮದ್ರಾಸ್ ಹೋಗಿ ಪ್ರಕರಣದ ಹೆಸರು 'ವೆಂಕಟರಮಣ ದೇವರು ಮತ್ತು ಮೈಸೂರು ರಾಜ್ಯ' ಆಗಿತ್ತು. ಟ್ರಸ್ಟಿಗಳ ಅರ್ಧ ಮಾತನ್ನು ಕೋರ್ಟು ಒಪ್ಪಿತು: ಹೌದು, ಇದು ಒಂದು ಪಂಗಡದ ಗುಡಿ, ಯಾರು ಬರಬಹುದು ಅನ್ನೋದು ಧರ್ಮದ ವಿಷಯ. ಎರಡನೇ ಅರ್ಧವನ್ನು ಒಪ್ಪಲಿಲ್ಲ: ಸಾರ್ವಜನಿಕ ಗುಡಿ ಆದ್ದರಿಂದ ಎಲ್ಲರಿಗೂ ಪ್ರವೇಶದ ಹಕ್ಕು ಮೇಲು. ಪಂಗಡಕ್ಕೇ ಮೀಸಲಾದ ಕೆಲವು ವಿಶೇಷ ಆಚರಣೆಗಳ ಹೊತ್ತಿನಲ್ಲಿ ಮಾತ್ರ ಉಳಿದವರನ್ನು ಹೊರಗಿಡಬಹುದು, ಆದರೆ ಅದು ಉಳಿದವರ ಹಕ್ಕನ್ನೇ ಹೆಸರಿಗಷ್ಟೇ ಉಳಿಸುವಷ್ಟು ಬೆಳೆಯಬಾರದು. ಆ ವಿನಾಯಿತಿ ಬೇಕಿತ್ತೇ ಅನ್ನೋದರಲ್ಲಿ ನನಗೆ ಅನುಮಾನವಿದೆ. ಆದರೆ ಟ್ರಸ್ಟಿಗಳು ಪ್ರಶ್ನೆಯನ್ನು ಕೋರ್ಟಿಗೆ ಒಯ್ಯದೆ ಬಾಗಿಲಿಗೆ ನಿಂತು ಒಬ್ಬೊಬ್ಬರನ್ನೇ ತಡೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ, ಬೇಡದ ಉತ್ತರ ಸಿಕ್ಕರೂ ಕೇಳಿದ್ದೇ ಒಳ್ಳೇದಾಯಿತು ಅನ್ನಿಸುತ್ತೆ.

ಕೇಳದೇ ಬಿಟ್ಟರೆ ಬೇರೆಯವರು ಕೇಳುತ್ತಾರೆ. 92ನೇ ಕಲಮಿನಲ್ಲಿ ಟ್ರಸ್ಟಿನಲ್ಲಿ ಹಿತಾಸಕ್ತಿ ಇರೋ ಇಬ್ಬರು ಸಾಕು, ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. 1976ರ ತಿದ್ದುಪಡಿಗೆ ಮೊದಲು ಅಡ್ವೊಕೇಟ್ ಜನರಲ್ ಒಪ್ಪಿಗೆ ಬೇಕಿತ್ತು. ಆಗ ವಹಿ ಬಿಚ್ಚೋದು ನಿಮ್ಮ ಕೈಯಲ್ಲಿರೋದಿಲ್ಲ. ಗೋಕರ್ಣದ ಮಹಾಬಲೇಶ್ವರ ದೇವಸ್ಥಾನ ನೋಡಿ. 2008ರಲ್ಲಿ ಸರ್ಕಾರ ಅದನ್ನು ರಾಮಚಂದ್ರಾಪುರ ಮಠಕ್ಕೆ ಒಪ್ಪಿಸಿತು, 2018ರಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು, 2021ರಲ್ಲಿ ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ಕೂರಿಸಿತು. ಹದಿಮೂರು ವರ್ಷದಲ್ಲಿ ಮೂರು ಕೈ.

ನಮ್ಮ ಅರವಟಿಗೆಯ ವಿಷಯಕ್ಕೆ ಬೆಳಗಾವಿಯಲ್ಲಿ ಒಬ್ಬ ವಕೀಲರನ್ನು ಕಂಡೆವು. ವಯಸ್ಸಾದವರು, ಮಾತು ಕಡಿಮೆ. ಪೂರ್ತಿ ಕೇಳಿ ಎರಡೇ ಬೇಡಿಕೆ ಇಟ್ಟರು: ಮೂಲ ಕಾಗದ, ಎಲ್ಲ ವರ್ಷದ ಲೆಕ್ಕ. ಮಾಸ್ತರರು ಪಾಸ್‌ಬುಕ್ ತೆಗೆದಿಟ್ಟರು. ಕಾಕಾನ ಮುಖ ಸಣ್ಣಗಾದದ್ದು ನನಗೆ ಕಂಡಿತು. ಹೊರಗೆ ಬಂದು ಚಹಾ ಕುಡಿಯುವಾಗ ಹೇಳಿದ. ಹೊಲ ಇದ್ದ ಕಾಲದಲ್ಲಿ ಐದು ವರ್ಷದ ಉತ್ಪನ್ನದ ಲೆಕ್ಕ ಬರೆದೇ ಇಲ್ಲ. ಒಂದು ಬರಗಾಲದಲ್ಲಿ ಅರವಟಿಗೆಯ ರೊಕ್ಕದಿಂದ ಊರಿನ ಒಂದು ಮನೆಯ ಮಗಳ ಮದುವೆಗೆ ಕೊಟ್ಟಿದ್ದರು. ಬಡ್ಡಿಯಿಲ್ಲ, ಕಾಗದವಿಲ್ಲ. ಎರಡು ಸುಗ್ಗಿಯಲ್ಲಿ ಪೂರ್ತಿ ತಿರುಗಿ ಬಂದಿದೆ. "ಒಂದು ಪೈ ಯಾರೂ ತಿಂದಿಲ್ಲೋ ತಮ್ಮಾ. ಆದ್ರ ಇದನ್ನ ಸಾಹೇಬರ ಮುಂದ ಹೆಂಗ ಬರೀಲಿ?"

ಬರೀಬೇಕು ಅಂತಲೇ ನಾನು ಹೇಳಿದೆ. ವಕೀಲರೂ ಅದನ್ನೇ ಹೇಳಿದರು. ಮುಚ್ಚಿಟ್ಟು ತಂದ ಸಲಹೆ ಮುಂದೆ ಯಾರಾದರೂ ಕೆದಕಿದಾಗ ಕಾಪಾಡೋದಿಲ್ಲ. ಬರೆದರೆ ನ್ಯಾಯಾಧೀಶರು ಬೈಯಬಹುದು, ಬೈದು ಮುಂದಿನ ದಾರಿ ಹೇಳಬಹುದು. ಕಾಕಾ ಒಪ್ಪಲಿಲ್ಲ, ಅಲ್ಲಗಳೆಯಲೂ ಇಲ್ಲ.

ಮೂಲ ಕಾಗದದ್ದು ಇನ್ನೊಂದು ಕಥೆ. ನಮ್ಮನೆಯ ಹಳೇ ಟ್ರಂಕಿನಲ್ಲಿ ಸಿಕ್ಕಿತು, ಆದರೆ ಮೋಡಿ ಲಿಪಿಯಲ್ಲಿದೆ. ಮುಂಬಯಿ ಕಾಲದ ನಮ್ಮ ಕಡೆಯ ಅನೇಕ ಕಾಗದಪತ್ರ ಹೀಗೆಯೇ: ಭಾಷೆ ಮರಾಠಿ, ಅಕ್ಷರ ಮೋಡಿ, ಬರೆಸಿದವ ಕನ್ನಡದವ. ಊರಲ್ಲಿ ಯಾರಿಗೂ ಓದಲು ಬರೋದಿಲ್ಲ. ಇಷ್ಟು ವರ್ಷ ಅರವಟಿಗೆ ನಡೆದದ್ದು ನೆನಪಿನ ಮೇಲೆ, ಸಗ್ಡೆನ್ನನ ಮಗಳ ಹಾಗೆ. ಮೋಡಿ ಬಲ್ಲ ಹಿರಿಯರೊಬ್ಬರಿಗೆ ಫೋಟೋ ಕಳಿಸಿದೆ. ಅವರು ಓದಿ ಹೇಳಿದ್ದು: ಹೊಲದ ಉತ್ಪನ್ನ ಪಾಣಪೋಯಿಗೆ, ಅಂದರೆ ಅರವಟಿಗೆಗೆ. ಅದಾದ ಮೇಲೆ ಮಡಿಕೆಯಲ್ಲಿ ಕಾಗದ ಸವೆದಿದೆ. ಸವೆದದ್ದರ ಆಚೆ ಒಂದು ಪದ ಸ್ಪಷ್ಟವಾಗಿದೆ: 'ಧರ್ಮಾದಾಯ'. ನಡುವೆ ಇರೋದು 'ವ ಇತರ' ಅಂತಿದ್ದರೆ, ಅರವಟಿಗೆ ಮತ್ತು ಇತರ ಧರ್ಮಕಾರ್ಯ ಅಂತ ಅರ್ಥ. ಮಾಸ್ತರರ ಹುಡುಗಿಯರಿಗೆ ದಾರಿಯಾಯಿತು, ಉದ್ದೇಶ ಬದಲಿಸುವ ಪ್ರಶ್ನೆಯೇ ಬರೋದಿಲ್ಲ. 'ಹೇ' ಅಂತಿದ್ದರೆ, ಅರವಟಿಗೆ ಎಂಬ ಈ ಧರ್ಮಕಾರ್ಯ ಅಂತ. ಆಗ ನೀರು ಮಾತ್ರ.

ಹಿರಿಯರು ಫೋಟೋದಲ್ಲಿ ಹೇಳೋಕಾಗಲ್ಲ, ಕಾಗದವನ್ನೇ ಬೆಳಕಿಗೆ ಹಿಡಿದು ನೋಡಬೇಕು ಅಂದಿದ್ದಾರೆ. ಬರುವ ಭಾನುವಾರ ಕಾಕಾ, ಮಾಸ್ತರರು ಕಾಗದ ತಗೊಂಡು ಬೆಳಗಾವಿಗೆ ಹೋಗ್ತಿದ್ದಾರೆ. ನಿನ್ನೆ ರಾತ್ರಿ ಫೋನ್ ಮಾಡಿದಾಗ ಕಾಕಿ ಎತ್ತಿದಳು. ಕಾಕಾ ಎಲ್ಲಿ ಅಂತ ಕೇಳಿದೆ. ಪಡಸಾಲಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಆ ಐದು ವರ್ಷದ ಲೆಕ್ಕ ನೆನಪು ಮಾಡ್ಕೊಂಡು ಬರೀತಿದ್ದಾನಂತೆ. "ಮೂರ ಹಾಳಿ ಆಗ್ಯಾವ ನೋಡು. ಮದುವಿ ರೊಕ್ಕದ ಹತ್ರ ಬಂದು ನಿಂತಾನ" ಅಂದಳು.